ಡಾ. ಲೆಸ್ಲಿ ಸಿ. ಕೋಲ್ಮನ್ (1878–1954): ಜೀವನ ಪರಿಚಯ

ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಭದ್ರ ಬುನಾದಿ ಹಾಕಿದವರಲ್ಲಿ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರು ಪ್ರಮುಖರು. ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ 1878ರಲ್ಲಿ ಜನಿಸಿದ ಇವರು ಟೊರೊಂಟೊದಲ್ಲಿಯೂ, ನಂತರ ಜರ್ಮನಿಯಲ್ಲಿಯೂ ಉನ್ನತ ವ್ಯಾಸಂಗ ಮಾಡಿದರು. 1908ರಲ್ಲಿ ಸಂಸ್ಥಾನದ ಶಿಲೀಂಧ್ರ ಹಾಗೂ ಕೀಟಶಾಸ್ತ್ರ ತಜ್ಞರಾಗಿ ನೇಮಕಗೊಂಡರು. 1913ರಲ್ಲಿ ಕೃಷಿ ನಿರ್ದೇಶಕರಾದರು.

ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅವರು ಗುರುತಿಸಿ 1910ರಲ್ಲಿ ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಮಲೆನಾಡಿನ ಬೆಳೆಗಾರರು ಇಂದಿಗೂ ಇದನ್ನು ಅನುಸರಿಸುತ್ತಾರೆ. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರವು 1925ರಲ್ಲಿ ಅವರ ಪ್ರಯತ್ನದಿಂದ ಆರಂಭವಾಯಿತು.

ಕೋಲ್ಮನ್ ಅವರ ಹೆಸರು ಒಂದು ಸಣ್ಣ ಕಣಜಕ್ಕೂ ಸಂದಿದೆ. ಭಾರತದಿಂದ ದೊರೆತ ಮಾದರಿಗಳನ್ನು ಪರೀಕ್ಷಿಸಿದ ಅಮೆರಿಕದ ಕೀಟಶಾಸ್ತ್ರಜ್ಞ ಹೆನ್ರಿ ವೀರೆಕ್ ಅವರು 1912ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ, ಅಫಿಡಿಯಸ್ ಕೋಲ್ಮನಿ ಎಂದು ನಾಮಕರಣ ಮಾಡಿದರು. ಕೆಲವೇ ಮಿಲಿಮೀಟರ್ ಉದ್ದದ ಈ ಪರತಂತ್ರ ಜೀವಿಯು ಸಸ್ಯಹೇನಿನ ದೇಹದೊಳಗೆ ಮೊಟ್ಟೆಯಿಡುತ್ತದೆ. ಮರಿಹುಳುವು ಹೇನನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಸತ್ತ ಹೇನು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಳ್ಳುತ್ತದೆ. ಅದರಲ್ಲಿ ದುಂಡಗಿನ ರಂಧ್ರ ಕೊರೆದು ಹೊಸ ಕಣಜ ಹೊರಬರುತ್ತದೆ. ಹಲವು ದೇಶಗಳ ಹಸಿರುಮನೆಗಳಲ್ಲಿ ಹೇನುಗಳ ಜೈವಿಕ ನಿಯಂತ್ರಣಕ್ಕೆ ಇದನ್ನು ಬಳಸಲಾಗುತ್ತಿದೆ.

ಇಂತಹ ಜೀವಿಗಳ ವರ್ಗೀಕರಣ ಕೇವಲ ಹೆಸರಿಡುವ ಕೆಲಸವಲ್ಲ. ಈ ಒಂದೇ ಹೆಸರಿನಡಿ ಮೂರು ಪ್ರಭೇದಗಳು ಸೇರಿಹೋಗಿದ್ದುದು ರೆಕ್ಕೆಯ ಆಕಾರ ಹಾಗೂ ಡಿಎನ್‌ಎ ಪರೀಕ್ಷೆಯಿಂದ ತಿಳಿದು, 2014ರಲ್ಲಿ ಅವುಗಳನ್ನು ಬೇರ್ಪಡಿಸಲಾಯಿತು. ಯಾವ ಕಣಜ ಯಾವ ಹೇನನ್ನು ಹತೋಟಿಗೆ ತರಬಲ್ಲದು ಎಂಬುದು ಸರಿಯಾದ ಗುರುತಿಸುವಿಕೆಯನ್ನೇ ಅವಲಂಬಿಸಿದೆ.

ಕೋಲ್ಮನ್ ಅವರು 1954ರಲ್ಲಿ ನಿಧನರಾದರು. ಅವರ ಸೇವಾವಧಿಯಲ್ಲಿ ಬೀದರ್, ಭಾಲ್ಕಿ ಮತ್ತು ಔರಾದ ಪ್ರದೇಶವು ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಅವರ ಕಾರ್ಯದ ಪಾಠ ಇಲ್ಲಿನ ಹೊಲಗಳಿಗೂ ಅನ್ವಯಿಸುತ್ತದೆ. ಬೆಳೆಯಲ್ಲಿ ಹೇನು ಕಂಡುಬಂದಾಗ, ಎಲೆಗಳ ಮೇಲೆ ಉಬ್ಬಿದ ಕಂದು ಹೇನುಗಳಿವೆಯೇ ಎಂಬುದನ್ನು ರೈತ ಬಾಂಧವರು ಮೊದಲು ಪರಿಶೀಲಿಸುವುದು. ಅವು ಹೆಚ್ಚಾಗಿದ್ದಲ್ಲಿ ಕೀಟನಾಶಕ ಸಿಂಪಡಿಸುವ ಮುನ್ನ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಪಡೆಯುವುದು. ಅವಸರದ ಸಿಂಪರಣೆಯಿಂದ ಹೇನಿನೊಂದಿಗೆ ರೈತಮಿತ್ರ ಕಣಜವೂ ನಾಶವಾಗುತ್ತದೆ.