ನೇಗಿಲಿನಿಂದ ಲೇತ್‌ವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಯಾಗಾರ

ಭಾರತದ ಯಂತ್ರೋದ್ಯಮದ ಇತಿಹಾಸವನ್ನು ಬರೆಯುವವರು ದೊಡ್ಡ ಕಾರ್ಖಾನೆಗಳಿಂದಲೇ ಆರಂಭಿಸುವುದು ರೂಢಿ. ಆದರೆ ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ಬೆಳಗಾವಿಯ ಸೈಕಲ್ ಅಂಗಡಿಯೊಂದರಲ್ಲಿ ತೆರೆದುಕೊಂಡಿತು. ಅದರ ನಾಯಕ ಎಂಜಿನಿಯರಿಂಗ್ ಪದವೀಧರನಲ್ಲ, ಹಣವಂತರ ಮಗನೂ ಅಲ್ಲ. ಚಿತ್ರಕಾರನಾಗಬೇಕೆಂದು ಹೊರಟು ಕಬ್ಬಿಣವನ್ನು ಒಲಿಸಿಕೊಂಡ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಆತ.

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಪ್ರದೇಶ ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ವೇದಾಂತದಲ್ಲಿ ಪರಿಶ್ರಮವಿದ್ದ ವಿದ್ವಾಂಸರು. ಮಗನಿಗೆ ಶಾಲೆಯ ಪಾಠ ರುಚಿಸಲಿಲ್ಲ. ಅವನ ಮನಸ್ಸೆಲ್ಲ ಚಿತ್ರ ಬಿಡಿಸುವುದರಲ್ಲಿ ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ. ಅಣ್ಣ ರಾಮುಅಣ್ಣನವರ ನೆರವಿನಿಂದ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ದೊಡ್ಡ ಆಘಾತ ಕಾದಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಂಶತಃ ವರ್ಣಾಂಧತೆಯಿದ್ದವನಿಗೆ ಚಿತ್ರಕಲೆಯ ದಾರಿ ಅಲ್ಲಿಗೇ ಮುಚ್ಚಿತು.

ಬಣ್ಣ ಕೈಕೊಟ್ಟರೂ ರೇಖೆ ಕೈಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಗೆ ಬಣ್ಣದ ಹಂಗಿಲ್ಲ. ಅದನ್ನು ಕಲಿತ ಲಕ್ಷ್ಮಣರಾಯರು, 1887ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ತರಗತಿ ಮುಗಿದ ಮೇಲೆ ಸಂಸ್ಥೆಯ ಯಂತ್ರಶಾಲೆಯೇ ಅವರ ಪಾಠಶಾಲೆ. ಕಾಗದದ ಮೇಲಿನ ಗೆರೆ ಕಬ್ಬಿಣದಲ್ಲಿ ಆಕಾರ ಪಡೆಯುವ ಬಗೆಯನ್ನು ಅವರು ಕಣ್ಣಾರೆ ಕಂಡು ಕಲಿತದ್ದು ಅಲ್ಲಿ.

ಸೈಕಲ್ ಅಂಗಡಿಯಲ್ಲಿ ಮೊಳೆತ ಉದ್ಯಮ

ಸೈಕಲ್ ಆಗಿನ್ನೂ ಬೆರಗು ಹುಟ್ಟಿಸುತ್ತಿದ್ದ ವಾಹನ. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ ಕಳುಹಿಸುವುದು, ರಾಮುಅಣ್ಣ ಬೆಳಗಾವಿಯಲ್ಲಿ ಅದನ್ನು ಮಾರುವುದು, ಕೊಂಡವರಿಗೆ ಸವಾರಿ ಕಲಿಸುವುದು. ಹೀಗೆ 1888ರಲ್ಲಿ ಕಿರ್ಲೋಸ್ಕರ್ ಸಹೋದರರ ವ್ಯಾಪಾರ ಆರಂಭವಾಯಿತು. ಮುಂದೆ ತಾಂತ್ರಿಕ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಸ್ವಾಭಿಮಾನಕ್ಕೆ ತೆತ್ತ ಆ ಬೆಲೆ ನಾಡಿನ ಪಾಲಿಗೆ ಲಾಭವಾಯಿತು.

ಮಾರುವುದಕ್ಕಿಂತ ತಯಾರಿಸುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ. ಮೊದಲು ಕೈಗೆತ್ತಿಕೊಂಡದ್ದು ದನಗಳ ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು. ಇವುಗಳ ಬಹುಭಾಗ ಬೀಡು ಕಬ್ಬಿಣದ ಎರಕದ್ದು. ಎರಕದ ವಸ್ತುವಿನ ಗುಣ ಬಲ್ಲವರಿಗೆ ಆ ಕೆಲಸದ ಕಷ್ಟ ಗೊತ್ತು. ಅಚ್ಚಿನಿಂದ ಹೊರಬಂದ ಎರಕದ ಮೇಲ್ಮೈ ಗಡುಸಾಗಿದ್ದು, ಅದರಲ್ಲಿ ಮರಳಿನ ಕಣಗಳು ಹುದುಗಿರುತ್ತವೆ. ಲೇತ್‌ನ ಟೂಲು ಆ ಚರ್ಮವನ್ನು ಸವರಿಕೊಂಡು ಹೋದರೆ ಕೆಲವೇ ನಿಮಿಷಗಳಲ್ಲಿ ಅದರ ಮೊನೆ ಮೊಂಡಾಗುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲೇ ಗಡುಸು ಪದರದ ಕೆಳಗಿಳಿಯುವಷ್ಟು ಆಳವಾಗಿ ಕೊರೆಯಬೇಕು. ಅಳುಕುತ್ತ ತೆಳುವಾಗಿ ಕೊರೆಯುವವನ ಟೂಲೇ ಬೇಗ ಹಾಳಾಗುವುದು. ಇದು ಇಂದಿಗೂ ಬದಲಾಗದ ಸೂತ್ರ.

ಲಕ್ಷ್ಮಣರಾಯರು ಕೆಲಸ ಆರಂಭಿಸಿದ ಕಾಲದಲ್ಲಿ ಟೂಲುಗಳೆಂದರೆ ಇಂಗಾಲದ ಉಕ್ಕಿನವು. ಕುಲುಮೆಯಲ್ಲಿ ಕಾಯಿಸಿ, ತಟ್ಟಿ, ನೀರಿನಲ್ಲಿ ಅದ್ದಿ ಹದಗೊಳಿಸಿ, ಸಾಣೆ ಹಿಡಿದರೆ ಟೂಲು ಸಿದ್ಧ. ಅದಕ್ಕೆ ತಾಪದ ಭಯ. ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಡುಸು ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಲೇತ್ ನಿಧಾನವಾಗಿಯೇ ತಿರುಗಬೇಕಿತ್ತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ತೋರಿಸಿದ ಹೈಸ್ಪೀಡ್ ಸ್ಟೀಲ್ ಕೆಂಪಗೆ ಕಾದರೂ ಮೊನೆ ಕಳೆದುಕೊಳ್ಳದೆ ಜಗತ್ತನ್ನು ಬೆರಗುಗೊಳಿಸಿತು. 1926ರಲ್ಲಿ ಜರ್ಮನಿಯ ಕ್ರುಪ್ ಸಂಸ್ಥೆ ಟಂಗ್‌ಸ್ಟನ್ ಕಾರ್ಬೈಡ್ ಟೂಲುಗಳನ್ನು ಮಾರುಕಟ್ಟೆಗೆ ತಂದಿತು. ಈ ಮೂರೂ ಯುಗಗಳು ಲಕ್ಷ್ಮಣರಾಯರ ಒಂದೇ ಜೀವಿತಾವಧಿಯಲ್ಲಿ ಸಂದುಹೋದವು.

ರೈತನ ಅಪನಂಬಿಕೆ, ಊರು ಬಿಡುವ ಸಂಕಟ

ನೇಗಿಲು ತಯಾರಾಯಿತು, ಕೊಳ್ಳುವವರಿರಲಿಲ್ಲ. ಕಬ್ಬಿಣ ತಗುಲಿದರೆ ಮಣ್ಣು ವಿಷವಾಗುತ್ತದೆ, ಬೆಳೆ ಬರುವುದಿಲ್ಲ ಎಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದರೆ ಆ ತಯಾರಕನ ಸ್ಥಿತಿಯನ್ನು ಊಹಿಸಬಹುದು. ರೈತನ ಅಳುಕಿನಲ್ಲಿ ಅರ್ಥವಿಲ್ಲದಿರಲಿಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಗಿಯೇ ಸರಿಪಡಿಸುತ್ತಿದ್ದ. ಕಬ್ಬಿಣದ್ದು ಮುರಿದರೆ ಯಾರ ಬಳಿ ಹೋಗಬೇಕು? ಯಾವ ಹೊಸ ಯಂತ್ರವೂ ಈ ಪ್ರಶ್ನೆಗೆ ಉತ್ತರ ಕೊಡದೆ ಹಳ್ಳಿಯೊಳಗೆ ಕಾಲಿಡಲಾರದು.

ನೇಗಿಲು ನಿಧಾನವಾಗಿ ನೆಲೆಯೂರುತ್ತಿದ್ದಾಗ ಮತ್ತೊಂದು ಪೆಟ್ಟು ಬಿತ್ತು. ಬೆಳಗಾವಿಯಲ್ಲಿ ಹೊಸ ಬಡಾವಣೆ ತಲೆಯೆತ್ತುವುದಿತ್ತು. ಅದಕ್ಕಾಗಿ ಕಾರ್ಖಾನೆಯ ಜಾಗವನ್ನು ಬಿಡಬೇಕಾಯಿತು. ಕುಲುಮೆ, ಯಂತ್ರ, ಕೆಲಸಗಾರರು ಎಲ್ಲವೂ ಒಮ್ಮೆಗೇ ಬೀದಿಗೆ ಬೀಳುವ ಪರಿಸ್ಥಿತಿ. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ದೊರೆ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲ ಮತ್ತು 10,000 ರೂಪಾಯಿ ಸಾಲ ದೊರೆಯಿತು. ಪಾಪಾಸುಕಳ್ಳಿ ಬೆಳೆದು ಹಾವುಗಳ ಬೀಡಾಗಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಅದು ಕೇವಲ ಕಾರ್ಖಾನೆಯಾಗಿರಲಿಲ್ಲ, ಒಂದು ಊರಾಗಿತ್ತು. ಕೆಲಸಗಾರರ ಕುಟುಂಬಗಳಿಗೆ ಮನೆಗಳಿದ್ದವು. ಊರನ್ನು ಅಣಿಗೊಳಿಸುವ ಹೊಣೆಯನ್ನು ರಾಮುಅಣ್ಣ ಹೊತ್ತರು. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಲಿಲ್ಲ. ಜೈಲುವಾಸ ಮುಗಿಸಿ ಬಂದವರನ್ನು ಕಾವಲುಗಾರರನ್ನಾಗಿ ನೇಮಿಸಿಕೊಂಡದ್ದು ಆ ಕಾಲಕ್ಕೆ ಸಾಮಾನ್ಯ ಧೈರ್ಯವಲ್ಲ. ಶಾಲೆಯಲ್ಲಿ ಹಿಂದುಳಿದವರೂ ಕಾರ್ಯಾಗಾರದಲ್ಲಿ ನಿಪುಣರಾದರು. ಮನುಷ್ಯನನ್ನು ಹಿನ್ನೆಲೆಯಿಂದ ಅಳೆಯದೆ ಕೈಕೆಲಸದಿಂದ ಅಳೆಯುವುದು ಲಕ್ಷ್ಮಣರಾಯರ ಕ್ರಮವಾಗಿತ್ತು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಗೊಂಡಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಹೊರಬಂದವು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಕಲಿತು ಬಂದು ಜೊತೆಗೂಡಿದರು. ಸೈಕಲ್ ಅಂಗಡಿಯ ಅಂದಾಜಿನ ವಿದ್ಯೆಯೂ ವಿಶ್ವವಿದ್ಯಾಲಯದ ಲೆಕ್ಕಾಚಾರವೂ ಒಂದೇ ಸೂರಿನಡಿ ಸೇರಿದವು.

ಹರಿಹರದ ಲೇತ್

ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗೆ ಪರದೇಶವನ್ನೇ ನೆಚ್ಚಿಕೊಂಡಿರುವವರೆಗೆ ಯಾವ ನಾಡಿನ ಉದ್ಯಮವೂ ಸ್ವತಂತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಸಂಚಾರಕ್ಕೆ ಅಡ್ಡಿಯಾದಾಗ ಈ ಸತ್ಯ ಎಲ್ಲರಿಗೂ ಮನವರಿಕೆಯಾಯಿತು. ಅಂಥ ಹೊತ್ತಿನಲ್ಲಿ, 1941ರಲ್ಲಿ, ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ತುಂಗಭದ್ರೆಯ ತೀರದ ಆ ಊರಿನಿಂದ ಹೊರಟ ಲೇತ್‌ಗಳು ದೇಶದ ಅಸಂಖ್ಯ ಕಾರ್ಯಾಗಾರಗಳನ್ನೂ ಐಟಿಐಗಳನ್ನೂ ತಲುಪಿದವು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾದವು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದೊಂದಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂದಾಗ, ಕನ್ನಡನಾಡಿಗೆ ಲೇತ್ ಹೊಸದಾಗಿರಲಿಲ್ಲ.

ಹರಿಹರದ ಆ ಕಂಪನಿ ಶತಮಾನದ ಕೊನೆಯ ವೇಳೆಗೆ ಸಂಕಷ್ಟಕ್ಕೆ ಸಿಲುಕಿ, ಬಳಿಕ ಮುಚ್ಚಿಹೋಯಿತು. ಆದರೆ ಅದು ತಯಾರಿಸಿದ ಲೇತ್‌ಗಳು ಮುಚ್ಚಲಿಲ್ಲ. ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ಇಂದಿಗೂ ಅವಕ್ಕೆ ಗಿರಾಕಿಗಳಿದ್ದಾರೆ. ವೈಟ್‌ಫೀಲ್ಡ್ ಸೆರಗಿನ ಹೂಡಿಯಂಥ ಬಡಾವಣೆಯಲ್ಲಿ ಹಗಲು ಕಂಪ್ಯೂಟರ್ ಮುಂದೆ ಕುಳಿತು, ಸಂಜೆ ಮನೆಯ ಶೆಡ್ಡಿನಲ್ಲಿ ಕೈಗೆ ಎಣ್ಣೆ ಹಚ್ಚಿಕೊಳ್ಳಬಯಸುವವರಿಗೆ ಅಂಥ ಲೇತ್ ಒಳ್ಳೆಯ ಆರಂಭ. ಲಕ್ಷ್ಮಣರಾಯರ ಬದುಕಿನ ಪಾಠ ಅವರಿಗೆ ನೇರವಾಗಿ ಅನ್ವಯಿಸುತ್ತದೆ: ಇರುವ ಯಂತ್ರದ ಶಕ್ತಿಯನ್ನು ಅರಿತು, ಅದಕ್ಕೆ ತಕ್ಕ ಉಪಕರಣವನ್ನು ಹೊಂದಿಸಿಕೊಳ್ಳಬೇಕು.

ಮೊದಲ ಪ್ರಶ್ನೆ ಟೂಲಿನದು. ಕಾರ್ಬೈಡ್ ಗಡುಸಾದರೂ ಪೆಡಸು. ಅದಕ್ಕೆ ವೇಗವೂ ಅಲುಗದ ಯಂತ್ರವೂ ಬೇಕು. ಹಗುರವಾದ, ಸವೆದ ಲೇತ್‌ನಲ್ಲಿ ಅದರ ಮೊನೆ ಚಕ್ಕೆಯೇಳುತ್ತದೆ. ಮನೆಯ ಕಾರ್ಯಾಗಾರಕ್ಕೆ ಸಾಣೆ ಹಿಡಿದು ಬೇಕಾದ ಆಕಾರ ಕೊಡಬಹುದಾದ ಹೈಸ್ಪೀಡ್ ಸ್ಟೀಲೇ ಮೇಲು. ಮೆದು ಉಕ್ಕಿಗೆ ನಿಮಿಷಕ್ಕೆ ಸುಮಾರು 25 ಮೀಟರ್ ವೇಗ ಹಿಡಿದರೆ, 50 ಮಿಲಿಮೀಟರ್ ವ್ಯಾಸದ ಸರಳಿಗೆ ನಿಮಿಷಕ್ಕೆ ಸುಮಾರು 160 ಸುತ್ತು ಸಾಕು. ಟೂಲಿನ ಮೊನೆ ಲೇತ್‌ನ ಕೇಂದ್ರದ ಎತ್ತರಕ್ಕೆ ಸರಿಯಾಗಿ ಬರಬೇಕು. ತಗ್ಗಾಗಿದ್ದರೆ ಕೆಳಗೆ ತಗಡಿನ ಪಟ್ಟಿಗಳನ್ನಿಟ್ಟು ಏರಿಸಬೇಕು.

ಎರಡನೆಯದು ಹಿಡಿತದ್ದು. ಮೂರು ದವಡೆಯ ಚಕ್ ಬೇಗ ಹಿಡಿಯುತ್ತದೆ. ನಾಲ್ಕು ದವಡೆಯದು, ಪ್ರತಿ ದವಡೆಯೂ ಪ್ರತ್ಯೇಕವಾಗಿ ಚಲಿಸುವುದರಿಂದ, ಎರಕದಂಥ ಅಡ್ಡಾದಿಡ್ಡಿ ವಸ್ತುವನ್ನೂ ನಿಖರವಾಗಿ ಹಿಡಿಯುತ್ತದೆ. ಒಂದನ್ನೇ ಕೊಳ್ಳುವುದಾದರೆ ಎರಡನೆಯದೇ ಜಾಣತನ. ಮಿಲ್ಲಿಂಗ್ ಯಂತ್ರಕ್ಕೆ ಜಾಗ, ಹಣ ಇಲ್ಲದಿದ್ದರೆ ಕ್ರಾಸ್ ಸ್ಲೈಡ್ ಮೇಲೆ ಲಂಬವಾಗಿ ಚಲಿಸುವ ಸ್ಲೈಡ್ ಜೋಡಿಸಿ, ಕಟ್ಟರನ್ನು ಲೇತ್‌ನ ಸ್ಪಿಂಡಲ್‌ಗೆ ಕೂರಿಸಿ ಸಣ್ಣ ಮಿಲ್ಲಿಂಗ್ ಕೆಲಸಗಳನ್ನು ಮುಗಿಸಬಹುದು. ಆದರೆ ಎಂಡ್ ಮಿಲ್ಲನ್ನು ಡ್ರಿಲ್ ಚಕ್ಕಿನಲ್ಲಿ ಹಿಡಿಯುವುದು ಅಪಾಯ. ಆ ಚಕ್ ಪಕ್ಕದ ಒತ್ತಡ ತಾಳಲೆಂದು ಮಾಡಿದ್ದಲ್ಲ. ಅದರುತ್ತ ಅದರುತ್ತ ಕಟ್ಟರು ಜಾರಿ ಹೊರಬರುತ್ತದೆ. ಕಾಲೆಟ್ಟಿನಲ್ಲಿ ಹಿಡಿದು, ಸ್ಪಿಂಡಲ್ಲಿನ ಹಿಂಬದಿಯಿಂದ ಉದ್ದನೆಯ ಬೋಲ್ಟಿನಿಂದ ಎಳೆದು ಬಿಗಿಯುವುದೇ ಕ್ಷೇಮ. ಹಳೆಯ ಲೇತ್‌ಗಳ ಮೋಟಾರು ಸಾಮಾನ್ಯವಾಗಿ ಮೂರು ಫೇಸಿನದಾದ್ದರಿಂದ, ಒಂದೇ ಫೇಸಿನ ಮನೆಯಲ್ಲಿ ಅದನ್ನು ನಡೆಸಲು ವಿಎಫ್‌ಡಿ ಎಂಬ ವೇಗನಿಯಂತ್ರಕದ ನೆರವು ಪಡೆಯಬೇಕಾಗುತ್ತದೆ.

ಇವೆಲ್ಲ ಸಣ್ಣ ಸಂಗತಿಗಳೆನಿಸಬಹುದು. ಆದರೆ ಉದ್ಯಮವೊಂದು ಉಳಿಯುವುದೂ ಅಳಿಯುವುದೂ ಇಂಥ ಸಣ್ಣ ಸಂಗತಿಗಳಲ್ಲೇ. ಸಿದ್ಧವಸ್ತುವನ್ನು ಕೊಳ್ಳುವವನಿಗೆ ಅದು ಕೆಟ್ಟ ದಿನ ಕೈಕಟ್ಟಿದಂತಾಗುತ್ತದೆ. ಉಪಕರಣವನ್ನು ತಾನೇ ಹದಗೊಳಿಸಿಕೊಂಡವನಿಗೆ ಮುಂದಿನ ದಾರಿ ತೆರೆದೇ ಇರುತ್ತದೆ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಇನ್ನೂ ಕೆಲವು ವಾರ, ನವೆಂಬರ್ 1ರವರೆಗೆ, ಅವರು ಬದುಕಿದ್ದರೆ, ಹುಟ್ಟೂರು ಹೊಸ ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಕಾಣುತ್ತಿದ್ದರು. 1969ರಲ್ಲಿ, ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರತಂದಿತು. ಬಣ್ಣ ಗುರುತಿಸಲಾರದೆ ಕುಂಚ ಕೆಳಗಿಟ್ಟ ಯುವಕ, ಇಡೀ ದೇಶದ ಹೊಲಗಳಲ್ಲಿ ಮತ್ತು ಯಂತ್ರಶಾಲೆಗಳಲ್ಲಿ ತನ್ನ ರೇಖೆಯನ್ನು ಉಳಿಸಿಹೋದ. ತನ್ನ ಕೈಯಾರೆ ಏನನ್ನಾದರೂ ತಯಾರಿಸಬೇಕೆಂಬ ಹಂಬಲವಿರುವ ಪ್ರತಿಯೊಬ್ಬರಿಗೂ ಆ ಬದುಕು ದಾರಿದೀಪ.