ಬೆಂಗಳೂರ ನೆಲದೊಳಗಿನ ರೋಮನ್ನರು

ಮಕ್ಕಳಿರಾ, ಪುಲಿಕೇಶಿನಗರದಲ್ಲಿಯೋ ಹಲಸೂರಿನಲ್ಲಿಯೋ ಅಜ್ಜಿಯ ಮನೆಯುಳ್ಳ ನಿಮ್ಮಲ್ಲಿ ಹಲವರ ತಂದೆತಾಯಿಗಳು ಪರದೇಶಕ್ಕೆ ಹೊರಟದ್ದು, 2008ರವರೆಗೆ ನಗರದ ವಿಮಾನನಿಲ್ದಾಣವಾಗಿದ್ದ ಎಚ್.ಎ.ಎಲ್.ನಿಂದ. ಆ ನಿಲ್ದಾಣದ ಆಸುಪಾಸಿನ ನೆಲದಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತುವೆಂಬುದನ್ನು ಅವರೂ ಅರಿತಿರಲಾರರು. ನಗರದ ಇನ್ನೊಂದು ಮಗ್ಗುಲಿನ ಯಶವಂತಪುರದಲ್ಲಿ 1891ರಲ್ಲಿ, ರೈಲುಹಾದಿಗಾಗಿ ಮಣ್ಣು ಕಡಿಯುತ್ತಿದ್ದಾಗ, ಇಂತಹವೇ 163 ನಾಣ್ಯಗಳು ಸಿಕ್ಕಿದ್ದುವು. ಕೆಂಪೇಗೌಡರು ಊರು ಕಟ್ಟುವುದಕ್ಕೆ ಸುಮಾರು ಸಾವಿರದೈನೂರು ವರ್ಷ ಹಿಂದಿನ, ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ ಕಾಲದ ಹಣವಿದು.

ನಾಲ್ಕು ಗ್ರಾಮಿಗೆ ತುಸು ಕಡಮೆ ತೂಗುವ ಈ ದಿನಾರಿಯಸ್‌ಗಳಲ್ಲಿ ದಕ್ಷಿಣಭಾರತಕ್ಕೆ ಬಹಳವಾಗಿ ಬಂದ ಒಂದು ಬಗೆಯ ಮೇಲೆ, ಒಂದು ಮುಖದಲ್ಲಿ ಆಗಸ್ಟಸನ ತಲೆಯಿದ್ದರೆ, ಇನ್ನೊಂದರಲ್ಲಿ ಇಬ್ಬರು ಹುಡುಗರು, ನಡುವೆ ಗುರಾಣಿಗಳನ್ನೂ ಈಟಿಗಳನ್ನೂ ನಿಲ್ಲಿಸಿಕೊಂಡು, ಉದ್ದನೆಯ ಉಡುಪಿನಲ್ಲಿ ಗಂಭೀರವಾಗಿ ನಿಂತಿರುವರು. ಇವರು ಚಕ್ರವರ್ತಿಯ ಮಗಳ ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ತಾತನೇ ದತ್ತು ಪಡೆದು ಸಾಮ್ರಾಜ್ಯಕ್ಕೆ ಉತ್ತರಾಧಿಕಾರಿಗಳೆಂದು ಮೆರೆಯಿಸಿದ ಈ ಸೋದರರಲ್ಲಿ ಕಿರಿಯನು ಕ್ರಿ.ಶ. 2ರಲ್ಲಿಯೂ ಹಿರಿಯನು 4ರಲ್ಲಿಯೂ ತೀರಿಕೊಂಡರು. ಪಟ್ಟವು ಮಲಮಗನಾದ ಟೈಬೀರಿಯಸನಿಗೆ ಹೋಯಿತು. ಅವನ ನಾಣ್ಯದ ಹಿಂಬದಿಯಲ್ಲಿ ಕುಳಿತಿರುವ ಸ್ತ್ರೀಯನ್ನು ಅವನ ತಾಯಿ ಲಿವಿಯಾ ಎಂದೇ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುವರು.

ಅರಮನೆಯವರ ಕಥೆ ಇಷ್ಟು ಸಾಕು. ಹಣವನ್ನು ಸಮುದ್ರ ದಾಟಿಸಿದವರು ಬೇರೆಯ ಜನ. ಈಜಿಪ್ಟಿನ ಕೆಂಪು ಸಮುದ್ರದ ರೇವುಗಳಿಂದ ಮುಂಗಾರಿನ ಗಾಳಿ ಹಿಡಿದು ಹೊರಟ ಹಡಗುಗಳು ಮಲೆಯಾಳದ ಕರಾವಳಿಗೆ ಬಂದು, ಬೆಳ್ಳಿಬಂಗಾರವನ್ನು ಕೊಟ್ಟು ಮೆಣಸನ್ನು ತುಂಬಿಕೊಂಡು ಹೋಗುತ್ತಿದ್ದುವು. ಭಾರತವು ವರ್ಷಕ್ಕೆ ರೋಮನ್ ಹಣದ ಐದು ಕೋಟಿ ಸೆಸ್ಟರ್ಷಿಯಸ್‌ಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ಗೊಣಗಿದ ಪ್ಲಿನಿ, ಖಾರವೊಂದನ್ನುಳಿದು ಬೇರೆ ಗುಣವಿಲ್ಲದ ಈ ಮೆಣಸಿಗೆ ಜನ ಏಕೆ ಮರುಳಾದರೋ ಎಂದು ಬೆರಗಾದನು. ಅವನು ನಮ್ಮ ಸಾರು ಉಂಡವನಲ್ಲ. ನೌಕಾಪಡೆಯ ಅಧಿಪತಿಯೂ 37 ಸಂಪುಟಗಳ ವಿಶ್ವಕೋಶದ ಕರ್ತೃವೂ ಆಗಿದ್ದ ಆತನು 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಮಡಿದನು.

ಅವನೇ ಹೇಳುವ ಇನ್ನೊಂದು ವೃತ್ತಾಂತವುಂಟು. ಕೆಂಪು ಸಮುದ್ರದ ಸುಂಕವನ್ನು ಗುತ್ತಿಗೆ ಹಿಡಿದಿದ್ದ ಆನಿಯಸ್ ಪ್ಲೋಕಾಮಸ್ ಎಂಬವನ ಬಳಿ ದಾಸನಾಗಿದ್ದು ಬಿಡುಗಡೆ ಪಡೆದ ಒಬ್ಬನು, ಅರೇಬಿಯವನ್ನು ಬಳಸಿ ಹೋಗುತ್ತಿರುವಾಗ ಬಿರುಗಾಳಿಗೆ ಸಿಕ್ಕಿ, ಹದಿನೈದನೆಯ ದಿನ ಸಿಂಹಳದ್ವೀಪವನ್ನು ಸೇರಿದನಂತೆ. ಅಲ್ಲಿನ ಅರಸನು ಆರು ತಿಂಗಳು ಅವನನ್ನು ಸತ್ಕರಿಸಿ, ಅವನಲ್ಲಿದ್ದ ದಿನಾರಿಯಸ್‌ಗಳನ್ನು ನೋಡಿ, ಬೇರೆ ಬೇರೆ ಒಡೆಯರ ಮುಖವಿದ್ದರೂ ಎಲ್ಲವೂ ಒಂದೇ ತೂಕವಾಗಿರುವುದನ್ನು ಕಂಡು, ರೋಮನ್ನರ ಪ್ರಾಮಾಣಿಕತೆಗೆ ತಲೆದೂಗಿದನು. 64ರ ಸುಮಾರಿಗೆ ಚಕ್ರವರ್ತಿ ನೀರೋ ಆ ಬೆಳ್ಳಿಗೆ ಬೆರಕೆ ಹಾಕಿಸಿದನೆಂಬುದನ್ನು ನೆನೆದರೆ, ಹಿಂದಿನವರ ನಾಣ್ಯಗಳಿಗೇ ನಮ್ಮ ನಾಡಿನಲ್ಲಿ ಹೆಚ್ಚು ಮನ್ನಣೆ ದೊರೆತದ್ದು ಸಹಜವೆಂದು ತೋರುತ್ತದೆ.

ಈಜಿಪ್ಟಿನ ಮರುಭೂಮಿಯಲ್ಲಿ, ನೈಲ್ ನದಿಯಿಂದ ಬೆರೆನೀಕೆಯ ರೇವಿಗೆ ಸಾಗುವ ದಾರಿಯ ಬಂಡೆಯೊಂದರ ಮೇಲೆ, ಪೂಬ್ಲಿಯಸ್ ಆನಿಯಸ್ ಪ್ಲೋಕಾಮಸನ ದಾಸನಾದ ಲೀಸಾಸ್ ಎಂಬುವನು ತಾನು ಬಂದೆನೆಂದು ಗ್ರೀಕಿನಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಕೆತ್ತಿರುವನು, ಕಾಲ ಕ್ರಿ.ಶ. 6ರ ಜುಲೈ. ಸಿಂಹಳಕ್ಕೆ ಹೋದವನಾದರೋ ಇಂಥ ಬರಹವನ್ನು ಬಿಟ್ಟಂತೆ ಕಾಣೆ. ಭಾರತದ ಗಿಳಿಯ ಕೊರಳಿನ ಕೆಂಪು ಪಟ್ಟಿಯನ್ನೂ ಮರೆಯದೆ ದಾಖಲಿಸಿದ ಪ್ಲಿನಿಮಹಾಶಯನು ಆ ನಾವಿಕನ ಹೆಸರೊಂದನ್ನು ಬರೆಯದೆ ಹೋದುದು ನನಗಂತೂ ಸರಿಗಾಣದು.