ದೆವ್ವವಿಲ್ಲದೆ ಭಯ ಹುಟ್ಟಿಸಿದ ತ್ರಿವೇಣಿ

ಶನಿವಾರ ರಾತ್ರಿ ಎಂದರೆ ನಮ್ಮ ಹಾಸ್ಟೆಲ್ ರೂಮಿನಲ್ಲಿ ಹಾರರ್ ಸಿನಿಮಾ. ಒಂದು ಲ್ಯಾಪ್‌ಟಾಪ್, ಏಳು ಜನ, ಎರಡು ಕಂಬಳಿ, ಲೈಟ್ ಆಫ್. ‘ಆಪ್ತಮಿತ್ರ’ವನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಅದರ ನಾಯಕಿ ಸೌಂದರ್ಯ ನಮ್ಮ ಪಕ್ಕದ ಮುಳಬಾಗಿಲಿನವರು ಎಂದು ಗೌನಿಪಲ್ಲಿಯವನಾದ ನಾನು ಪ್ರತಿ ಸಲವೂ ಕೊಚ್ಚಿಕೊಳ್ಳುತ್ತೇನೆ. ಅವರು ನಾಗವಲ್ಲಿಯಾಗಿ ಕಣ್ಣರಳಿಸಿದಾಗ ಎಲ್ಲರೂ ಕಿರುಚುತ್ತೇವೆ, ಮರುಕ್ಷಣವೇ ನಗುತ್ತೇವೆ. ಲೈಟ್ ಹಾಕಿದರೆ ಮುಗಿಯಿತು, ಭಯ ಮಾಯ.

ಲೈಟ್ ಹಾಕಿದರೂ ಹೋಗದ ಭಯವೊಂದಿದೆ ಎಂದು ಗೊತ್ತಾಗಿದ್ದು ಅಮ್ಮನ ಟ್ರಂಕಿನಲ್ಲಿ ಸಿಕ್ಕ ಹಳೆಯ ಪುಸ್ತಕದಿಂದ. ನಮ್ಮದು ಆಂಧ್ರದ ಗಡಿಗೆ ಹತ್ತಿರದ ಊರು. ಮನೆಯಲ್ಲಿ ಮಾತಾಡುವುದು ತೆಲುಗು, ಓದುವುದು ಕನ್ನಡ. ಅಮ್ಮ ಮದುವೆಗೆ ಮುಂಚೆ ಕಾದಂಬರಿಗಳ ಹುಚ್ಚಿನವಳಂತೆ. ಮೂರನೇ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಬ್ಯಾಕ್ ಆಗಿ, ಯಾರಿಗೂ ಮುಖ ತೋರಿಸಲಾಗದೆ ರಜೆಗೆ ಮನೆಗೆ ಬಂದಿದ್ದೆ. ಆಗಲೇ ತ್ರಿವೇಣಿಯವರ ‘ಶರಪಂಜರ’ ಕೈಗೆ ಸಿಕ್ಕಿತು.

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ಅವರ ನಿಜವಾದ ಹೆಸರು ಅನಸೂಯ. ಬಿ.ಎಂ.ಶ್ರೀ ಅವರ ಮನೆತನದ ಹೆಣ್ಣುಮಗಳು. ಮನೆಯ ತುಂಬ ಸಾಹಿತ್ಯವಿದ್ದರೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಆರಿಸಿಕೊಂಡದ್ದು ಮನಶ್ಶಾಸ್ತ್ರ. ಅದರಲ್ಲಿ ಚಿನ್ನದ ಪದಕವನ್ನೂ ಪಡೆದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಶಂಕರ್ ಅವರನ್ನು ಮದುವೆಯಾಗಿ ಅನಸೂಯಾ ಶಂಕರ್ ಆದರು. 1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’ ಬಂತು. ಮುಂದಿನ ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ಬರೆದರು.

ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಿ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ. ಇಂದಿನ ನಿಮ್ಹಾನ್ಸ್‌ಗೆ ಅದೇ ಬೇರು. ಆಗ ಮನಸ್ಸಿಗೆ ಕಾಯಿಲೆ ಬಂದರೆ ದೆವ್ವ ಹಿಡಿದಿದೆ, ಮಾಟ ಮಾಡಿಸಿದ್ದಾರೆ ಅನ್ನುವವರೇ ಹೆಚ್ಚು. ಅಂಥ ಹೊತ್ತಿನಲ್ಲಿ ಅದು ಜ್ವರದಂತೆ ಒಂದು ಕಾಯಿಲೆ, ವಾಸಿಯಾಗುತ್ತದೆ ಎಂದು ಅಡುಗೆಮನೆಯಲ್ಲಿ ಕೂತು ಓದುವ ಹೆಂಗಸರಿಗೂ ತಿಳಿಯುವ ಹಾಗೆ ತ್ರಿವೇಣಿ ಕತೆ ಕಟ್ಟಿದರು.

‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಬೇರೆ ಕತೆಗಳು ಮುಗಿಯುವುದು ಇಲ್ಲಿ, ಈ ಕತೆಯ ಭಯ ಶುರುವಾಗುವುದೂ ಇಲ್ಲಿಯೇ. ಅವಳೇನೋ ಸರಿಯಾಗಿದ್ದಾಳೆ, ಸುತ್ತಲಿನವರು ನಂಬಬೇಕಲ್ಲ? ಗಂಡ ದೂರವಾಗಿದ್ದಾನೆ. ಅವಳ ಮಾತನ್ನು, ನಗುವನ್ನು ಎಲ್ಲರೂ ಅನುಮಾನದಿಂದ ಅಳೆಯುತ್ತಾರೆ. ಕೊನೆಗೆ ಆ ಕಣ್ಣುಗಳೇ ಅವಳನ್ನು ಮತ್ತೆ ಕಾಯಿಲೆಗೆ ತಳ್ಳುತ್ತವೆ. ದೆವ್ವವಿಲ್ಲ, ರಕ್ತವಿಲ್ಲ, ಪಾಳುಬಂಗಲೆಯಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆಂದರೆ ನನಗೆ ಅಂಥ ಒಬ್ಬರು ಗೊತ್ತು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಅಕ್ಕನೊಬ್ಬಳು ಬಾಣಂತನದಲ್ಲಿ ಒಬ್ಬಳೇ ಮಾತಾಡಿಕೊಳ್ಳತೊಡಗಿದಳು. ಯಂತ್ರ ಕಟ್ಟಿಸಿದರು, ಬೇವಿನಸೊಪ್ಪಿನಲ್ಲಿ ಹೊಡೆಸಿದರು. ಆಮೇಲೆ ಆಸ್ಪತ್ರೆಗೆ ಹೋಗಿ ಗುಣವಾದಳು. ಆದರೆ ಇವತ್ತಿಗೂ ನಲ್ಲಿಯ ಹತ್ತಿರ ಅವಳು ಸ್ವಲ್ಪ ಜೋರಾಗಿ ನಕ್ಕರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಾನೂ ಹಾಗೆ ನೋಡಿದವನೇ.

ಇನ್ನೊಂದು ಕಾರಣ ನಾನೇ. ಬ್ಯಾಕ್ ಆದಾಗಿನಿಂದ ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟಿ ಎಚ್ಚರವಾಗುತ್ತಿತ್ತು. ಅಂಗೈ ಬೆವರುತ್ತಿತ್ತು. ಹೇಳಿದರೆ ನನಗೂ ಆ ಹಣೆಪಟ್ಟಿ ಅಂಟುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಹಾರರ್ ಸಿನಿಮಾ ಯಾಕೆ ಅಷ್ಟು ಇಷ್ಟ ಎಂಬುದು ಆಗ ಹೊಳೆಯಿತು. ಪರದೆಯ ಮೇಲಿನ ಭಯಕ್ಕೆ ಆರಂಭ, ಅಂತ್ಯ ಎರಡೂ ಇವೆ, ಅದನ್ನು ಗೆಳೆಯರ ಜತೆ ಹಂಚಿಕೊಳ್ಳಬಹುದು. ಒಳಗಿನ ಭಯಕ್ಕೆ ಹೆಸರೇ ಇರುವುದಿಲ್ಲ. ಕತೆ ಅದಕ್ಕೊಂದು ಹೆಸರು ಕೊಡುತ್ತದೆ. ನನಗೆ ಆ ಹೆಸರು ಕೊಟ್ಟದ್ದು ತ್ರಿವೇಣಿ.

ಅವರಿಗೆ ಹೆಚ್ಚು ಆಯಸ್ಸು ಸಿಗಲಿಲ್ಲ. ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಬಾಣಂತಿಯ ನೋವನ್ನು ಅಷ್ಟು ಆಳವಾಗಿ ಬರೆದವರು ಬಾಣಂತನದಲ್ಲೇ ಹೋದರು. ಅವರ ಕತೆಗಳು ಎಷ್ಟು ದೂರ ಹೋದವು ಎಂದು ನೋಡಲು ಅವರಿರಲಿಲ್ಲ. ಪುಟ್ಟಣ್ಣ ಕಣಗಾಲ್ 1966ರಲ್ಲಿ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲಿ ಸಿನಿಮಾ ಮಾಡಿದರು. 1967ರಲ್ಲಿ ‘ಬೆಳ್ಳಿಮೋಡ’, ಆಮೇಲೆ ‘ಶರಪಂಜರ’ ಬಂದವು. ಕಾವೇರಿಯಾಗಿ ಕಲ್ಪನಾ ಅವರನ್ನು ನೋಡಿದವರು ಇಂದಿಗೂ ಮರೆತಿಲ್ಲ.

ಪುಸ್ತಕ ಮುಗಿಸಿದ ಮಾರನೇ ದಿನ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅಮ್ಮ ಯಂತ್ರದ ಮಾತೆತ್ತಲಿಲ್ಲ. ನನ್ನ ಜತೆ ಬಸ್ಸು ಹತ್ತಿ ಡಾಕ್ಟರ ಹತ್ತಿರ ಬಂದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು, ನಾಲ್ಕು ಸಲ ಬರಲು ಹೇಳಿದರು, ಅಷ್ಟೇ. ಆದರೆ ಅದಾದ ಮೇಲೆ ಒಂದು ವಾರ ಅಮ್ಮ ರಾತ್ರಿ ಬಾಗಿಲ ಸಂದಿಯಿಂದ ನನ್ನನ್ನು ಇಣುಕಿ ನೋಡುತ್ತಿದ್ದಳು. ಪ್ರೀತಿಯಿಂದಲೇ. ಆದರೂ ಆ ನೋಟಕ್ಕೆ ನನ್ನ ಮೈ ಜುಮ್ಮೆಂದಿತು. ಕಾವೇರಿಯನ್ನು ನೆನಪಿಸಿದೆ. ಅವಳಿಗೆ ತಟ್ಟನೆ ಅರ್ಥವಾಯಿತು, ಮತ್ತೆ ಇಣುಕಲಿಲ್ಲ.

ಎರಡೂ ವಿಷಯಗಳಲ್ಲಿ ಒಂದು ಪಾಸಾಗಿದೆ, ಇನ್ನೊಂದು ಬಾಕಿ ಇದೆ. ನಿದ್ದೆ ಬರುತ್ತಿದೆ. ನಿಮ್ಮಲ್ಲೂ ರಿಸಲ್ಟ್‌ಗೋ ಇಂಟರ್‌ವ್ಯೂ ಕಾಲ್‌ಗೋ ಕಾಯುತ್ತಾ ರಾತ್ರಿ ಎರಡಕ್ಕೆ ಏಳುವವರಿದ್ದರೆ ಯಾರಿಗಾದರೂ ಹೇಳಿ. ಮನೆಯವರಿಗೆ ಹೇಳಲಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.

ಕಳೆದ ಸಲ ಊರಿಗೆ ಹೋದಾಗ ಆ ಅಕ್ಕ ನಲ್ಲಿಯ ಹತ್ತಿರ ಸಿಕ್ಕಳು. ಹಾಸ್ಟೆಲ್ ಊಟದ ಬಗ್ಗೆ ಕೇಳಿದಳು. ಸಾರಿನಲ್ಲಿ ಬೇಳೆ ಹುಡುಕುವ ನಮ್ಮ ಪಾಡು ಹೇಳಿದೆ. ಜೋರಾಗಿ ನಕ್ಕಳು. ನಾನೂ ಅಷ್ಟೇ ಜೋರಾಗಿ ನಕ್ಕೆ.